ಸುಕುನ್ ಫೆಲಿಪೆ: ಕತ್ತಾಳೆ ಸೀಮೆಯ ಗವರ್ನರ್

(ನಮ್ಮ ಊರಿನ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಕತ್ತರಿಸಿದ್ದೇನೆ, ಆ ದಿನ ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಪದದ ಗೊಂದಲ ಪರಿಹರಿಸಿಕೊಂಡು ಮುಂದೆ ಹೋಗೋಣ. ಗವರ್ನರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ರಾಜಭವನ ಬರುತ್ತದೆ. ದೆಹಲಿಯಿಂದ ನೇಮಕವಾಗಿ ಬಂದು, ಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಿ, ಘಟಿಕೋತ್ಸವದಲ್ಲಿ ಗೌನು ತೊಟ್ಟು ಕೂರುವ ಹಿರಿಯರು. ಮೆಕ್ಸಿಕೊದ ಗವರ್ನರ್ ಆ ಬಗೆಯವರಲ್ಲ. ಅವರನ್ನು ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ರಾಜ್ಯದ ಬೊಕ್ಕಸ, ಪೊಲೀಸು, ಶಾಲೆ, ರಸ್ತೆ ಎಲ್ಲವೂ ಅವರ ಕೈಯಲ್ಲಿರುತ್ತವೆ. ನಮ್ಮ ಮುಖ್ಯಮಂತ್ರಿ ಎಂದುಕೊಂಡರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಒಂದು ದೊಡ್ಡ ವ್ಯತ್ಯಾಸ: ಒಮ್ಮೆ ಜನರಿಂದ ಆರಿಸಿಬಂದು ಗವರ್ನರ್ ಆದವರು ಜೀವಮಾನದಲ್ಲಿ ಮತ್ತೆ ಆ ಹುದ್ದೆಗೆ ನಿಲ್ಲುವಂತಿಲ್ಲ. ಇಲ್ಲಿ ಕೂತಿರುವ ಕೆಲವರ ಮುಖದಲ್ಲಿ ನಗು ಕಾಣುತ್ತಿದೆ. ಆ ನಿಯಮವನ್ನು ಆಮದು ಮಾಡಿಕೊಳ್ಳುವ ಚರ್ಚೆಯನ್ನು ಚಹಾದ ಹೊತ್ತಿಗೆ ಇಟ್ಟುಕೊಳ್ಳೋಣ.

ನಾನು ಇವತ್ತು ಹೇಳಹೊರಟಿರುವುದು ಫೆಲಿಪೆ ಕಾರ್ರಿಯೊ ಪ್ವೆರ್ತೊ ಎಂಬವರ ಕತೆ. ಮೆಕ್ಸಿಕೊದ ಆಗ್ನೇಯ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಯುಕಟಾನ್ ಎಂಬ ರಾಜ್ಯಕ್ಕೆ ಅವರು ಗವರ್ನರ್ ಆಗಿದ್ದರು. ಆಳಿದ್ದು ಇಪ್ಪತ್ತೆರಡು ತಿಂಗಳು ಮತ್ತು ಕೆಲವು ದಿನ. ಅಷ್ಟು ಕಡಿಮೆ ಅವಧಿಯ ಅಧಿಕಾರಕ್ಕೆ ನೂರು ವರ್ಷದ ನೆನಪು ಹೇಗೆ ಅಂಟಿಕೊಂಡಿತು ಎನ್ನುವುದೇ ನನ್ನನ್ನು ಆ ಕಡೆ ಎಳೆದದ್ದು.

ಎಳೆದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕತ್ತಾಳೆ. ನಾನು ಹುಟ್ಟಿದ ಊರಿನ ಹೊಲಗಳ ಬದುವಿನಲ್ಲಿ, ರೈಲುಹಳಿಯ ಪಕ್ಕದ ಬೇಲಿಯಲ್ಲಿ ಕತ್ತಾಳೆ ಬೆಳೆದಿರುತ್ತಿತ್ತು. ಅದರ ಪಟ್ಟೆಗಳನ್ನು ಕೊಯ್ದು, ಕೆರೆಯ ಅಂಚಿನಲ್ಲಿ ಕೊಳೆಹಾಕಿ, ಜಜ್ಜಿ, ತೊಳೆದು, ನಾರು ತೆಗೆದು ಹಗ್ಗ ಹೊಸೆಯುವುದನ್ನು ನೋಡುತ್ತ ಬೆಳೆದವನು ನಾನು. ಆ ಕೊಳೆತ ವಾಸನೆ ಮೂಗಿಗೆ ಬಡಿದವರು ಮರೆಯುವುದಿಲ್ಲ. ರಸ ತಾಗಿದ ಕೈಯ ನವೆಯನ್ನೂ ಮರೆಯುವುದಿಲ್ಲ. ಅದು ನಮ್ಮ ಮಣ್ಣಿನದೇ ಗಿಡ ಎಂದು ಬಹಳ ಕಾಲ ನಂಬಿದ್ದೆ. ಅಲ್ಲ, ಅದರ ತವರು ಮೆಕ್ಸಿಕೊ. ಆ ಕುಲದಲ್ಲಿಯೇ ಹೆನೆಕೆನ್ ಎಂಬ ಒಂದು ಜಾತಿ ಇದೆ. ಯುಕಟಾನ್‌ನ ಸುಣ್ಣಕಲ್ಲಿನ ನೆಲದಲ್ಲಿ, ಮೇಲ್ಮಣ್ಣು ಗೇಣುದ್ದವೂ ಇಲ್ಲದ ಕಡೆ, ಬೇರೇನೂ ಬೆಳೆಯದ ಜಾಗದಲ್ಲಿ ಅದು ಬೆಳೆಯುತ್ತದೆ. ನೆಟ್ಟ ಮೇಲೆ ಸುಮಾರು ಏಳು ವರ್ಷ ಕಾಯಬೇಕು. ಆಮೇಲೆ ವರ್ಷಗಟ್ಟಲೆ ಪಟ್ಟೆ ಕೊಯ್ಯುತ್ತಿರಬಹುದು. ನಾವು ಸಿಸಾಲ್ ನಾರು ಎನ್ನುತ್ತೇವಲ್ಲ, ಆ ಸಿಸಾಲ್ ಯುಕಟಾನ್‌ನ ಒಂದು ಹಳೆಯ ಬಂದರಿನ ಹೆಸರು. ನಾರು ಹಡಗು ಹತ್ತುತ್ತಿದ್ದ ಜಾಗದ ಹೆಸರೇ ನಾರಿಗೆ ನಿಂತಿತು.

ನಮ್ಮಲ್ಲಿ ಕತ್ತಾಳೆ ಬೇಲಿಯಾಯಿತು, ಹಗ್ಗವಾಯಿತು, ಅಲ್ಲಿಗೆ ಮುಗಿಯಿತು. ಅಲ್ಲಿ ಅದು ಇಡೀ ಸಮಾಜವನ್ನೇ ಕಟ್ಟಿಹಾಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಗೋಧಿ ಹೊಲಗಳಿಗೆ ಕೊಯ್ದ ಪೈರನ್ನು ತಾನೇ ಕಂತೆ ಕಟ್ಟುವ ಯಂತ್ರ ಬಂತು. ಆ ಕಂತೆಗೆ ಹುರಿ ಬೇಕಾಯಿತು. ಹುರಿಗೆ ಹೆನೆಕೆನ್ ಬೇಕಾಯಿತು. ಯುಕಟಾನ್‌ನ ಜಮೀನುದಾರರು ಅದನ್ನು ಹಸಿರು ಚಿನ್ನ ಎಂದು ಕರೆದರು. ರಾಜಧಾನಿ ಮೆರಿಡಾದಲ್ಲಿ ಅವರು ಪ್ಯಾರಿಸ್ಸಿನ ಮಾದರಿಯ ಅಗಲವಾದ ಬೀದಿ ಹಾಕಿಸಿ, ಅದರ ಎರಡೂ ಬದಿಗೆ ಅರಮನೆಗಳನ್ನು ಕಟ್ಟಿಸಿದರು. ಆ ಬೀದಿ ಇವತ್ತಿಗೂ ಇದೆ, ಪ್ರವಾಸಿಗರು ಗಾಡಿಯಲ್ಲಿ ಕೂತು ನೋಡುತ್ತಾರೆ.

ಪಟ್ಟೆ ಕೊಯ್ಯುತ್ತಿದ್ದವರು ಮಾಯಾ ಜನ. ಪಿರಮಿಡ್ಡು ಕಟ್ಟಿದವರ, ಸೊನ್ನೆಯನ್ನು ತಾವೇ ಕಂಡುಕೊಂಡವರ ಮೊಮ್ಮಕ್ಕಳು. ಅವರನ್ನು ಜೀತ ಎನ್ನದೆ ಜೀತ ಮಾಡಿಸಿಕೊಳ್ಳುವ ವ್ಯವಸ್ಥೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ ಸಾಲ, ಕಾಯಿಲೆಗೆ ಸಾಲ, ತೋಟದ ಅಂಗಡಿಯಲ್ಲಿ ಜೋಳಕ್ಕೆ ಸಾಲ. ಅಪ್ಪ ಸತ್ತರೆ ಸಾಲ ಮಗನ ತಲೆಗೆ. ಸಾಲ ತೀರದೆ ತೋಟ ಬಿಟ್ಟರೆ ಹಿಡಿದು ತಂದು ಚಾಟಿಯೇಟು. ಕೈ ಸಾಲದಾದಾಗ ಉತ್ತರದ ಸೊನೋರಾ ರಾಜ್ಯದಿಂದ ಯಾಕಿ ಬುಡಕಟ್ಟಿನವರನ್ನು ಗಡೀಪಾರು ಮಾಡಿ ಇಲ್ಲಿಗೆ ತಂದು ಸುರಿದರು. 1905ರಲ್ಲಿ ಸಾವಿರಕ್ಕೂ ಹೆಚ್ಚು ಕೊರಿಯನ್ನರು ಕೂಲಿ ಒಪ್ಪಂದದ ಮೇಲೆ ಹಡಗಿನಲ್ಲಿ ಬಂದಿಳಿದರು. ಮೇಲೆ ಕೂತ ಬೆರಳೆಣಿಕೆಯ ಮನೆತನಗಳಿಗೆ ಮುಂದೆ ಒಂದು ಅಡ್ಡಹೆಸರು ಬಿತ್ತು: ದೈವಿಕ ಜಾತಿ. ಅಡ್ಡಹೆಸರಿನ ವ್ಯಂಗ್ಯ ನಮಗೆ ಬೇಗ ಅರ್ಥವಾಗುತ್ತದೆ. ಆ ಮನೆತನಗಳಿಗೂ ಮೇಲೊಬ್ಬರಿದ್ದರು. ನಾರನ್ನು ಕೊಳ್ಳುತ್ತಿದ್ದದ್ದು ಶಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ದೈತ್ಯ ಕಂಪನಿ. 1902ರಲ್ಲಿ ಆ ಕಂಪನಿ ಒಲೆಗಾರಿಯೊ ಮೊಲಿನಾ ಎಂಬವರ ವ್ಯಾಪಾರ ಸಂಸ್ಥೆಯೊಡನೆ ಗುಟ್ಟಾಗಿ ಬೆಲೆಯ ಒಪ್ಪಂದ ಮಾಡಿಕೊಂಡಿತು. ಆ ಹೊತ್ತಿಗೆ ಯುಕಟಾನ್‌ನ ಗವರ್ನರ್ ಯಾರು ಎಂದು ಕೇಳಿ. ಅದೇ ಮೊಲಿನಾ.

ಈ ನಾರಿನ ಬೆಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕತೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

ಫೆಲಿಪೆ ಹುಟ್ಟಿದ್ದು 1874ರ ನವೆಂಬರ್ 8ರಂದು, ಹೆನೆಕೆನ್ ಸೀಮೆಯ ನಡುಮಧ್ಯದ ಮೋತುಲ್ ಎಂಬ ಪಟ್ಟಣದಲ್ಲಿ. ಹದಿನಾಲ್ಕು ಮಕ್ಕಳಲ್ಲಿ ಎರಡನೆಯವರು. ತಂದೆಯದು ಸಣ್ಣ ಅಂಗಡಿ. ಮಿಶ್ರ ಮೂಲದ, ಸ್ಪ್ಯಾನಿಷ್ ಆಡುವ ಕುಟುಂಬ. ಶ್ರೀಮಂತರಲ್ಲ, ತೋಟದ ಆಳುಗಳೂ ಅಲ್ಲ. ಮಾಲೀಕರ ಸಲಾಮಿಗೂ ಕೂಲಿಗಳ ಸಾಲಕ್ಕೂ ನಡುವೆ ಬದುಕುವ ಅಂಗಡಿಕಾರರು. ಅಂಗಡಿಗೆ ಬರುವವರು ಮಾಯಾ ಭಾಷೆಯವರು, ಬೀದಿಯಲ್ಲಿ ಆಡುವ ಹುಡುಗರೂ ಅವರೇ. ಹಾಗಾಗಿ ಹುಡುಗನ ನಾಲಗೆಗೆ ಮಾಯಾ ಭಾಷೆ ತಾನಾಗಿ ಹತ್ತಿತು. ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಾಲದ ಯುಕಟಾನ್‌ನಲ್ಲಿ ತೋಟದ ಯಜಮಾನರೂ ಅಷ್ಟಿಷ್ಟು ಮಾಯಾ ಆಡುತ್ತಿದ್ದರು, ಕೆಲಸ ಮಾಡಿಸಲು ಎಷ್ಟು ಬೇಕೋ ಅಷ್ಟು. ಈ ಹುಡುಗ ಅದರಲ್ಲಿ ಜಗಳವಾಡುವಷ್ಟು, ತಮಾಷೆ ಮಾಡುವಷ್ಟು ಕಲಿತ.

ದೊಡ್ಡವರಾದ ಮೇಲೆ ಒಂದೇ ಕಸುಬಿಗೆ ಅಂಟಿಕೊಳ್ಳಲಿಲ್ಲ. ಗಾಡಿ ಹೊಡೆದರು, ಮಾಂಸ ಮಾರಿದರು, ರೈಲಿನಲ್ಲಿ ಕಂಡಕ್ಟರ್ ಆದರು. 1907ರ ಹೊತ್ತಿಗೆ ಮೋತುಲ್‌ನಲ್ಲಿ ಸಣ್ಣದೊಂದು ಪತ್ರಿಕೆ ಹೊರಡಿಸಿ ಅಧಿಕಾರಸ್ಥರ ಕೋಪಕ್ಕೆ ಗುರಿಯಾದರು. ತಾರುಣ್ಯದಲ್ಲಿ, ಮಾಯಾ ರೈತರ ದಾರಿಗೆ ಅಡ್ಡವಾಗಿ ಜಮೀನುದಾರನೊಬ್ಬ ಹಾಕಿಸಿದ ಬೇಲಿಯನ್ನು ಕಿತ್ತೆಸೆಯಿರಿ ಎಂದು ಹುರಿದುಂಬಿಸಿ ಜೈಲು ಕಂಡರು ಎಂಬ ಕತೆಯೂ ಇದೆ. ಇಂಥ ಕತೆಗಳು ನಾಯಕರು ಸತ್ತ ಮೇಲೆ ಕೊಬ್ಬಿ ಬೆಳೆಯುತ್ತವೆ, ಇದನ್ನು ಪೂರ್ತಿ ನಂಬಬೇಕಾಗಿಲ್ಲ. 1911ರ ಜೈಲಂತೂ ಕತೆಯಲ್ಲ. ಆ ವರ್ಷದ ಗವರ್ನರ್ ಚುನಾವಣೆಯಲ್ಲಿ ಸೋತ ಪಕ್ಷದ ಪರ ದುಡಿದಿದ್ದ ಅವರ ಮೇಲೆ ಒಬ್ಬ ಎರಗಿದ. ಇವರು ಗುಂಡು ಹಾರಿಸಿ ಅವನನ್ನು ಕೊಂದರು. ಆತ್ಮರಕ್ಷಣೆ ಎಂಬ ವಾದ ತಕ್ಷಣಕ್ಕೆ ನಡೆಯಲಿಲ್ಲ, ಕಂಬಿ ಎಣಿಸಬೇಕಾಯಿತು. ಸಂವಿಧಾನವನ್ನು ಮಾಯಾ ಭಾಷೆಗೆ ತಿರುಗಿಸಿ ಹಳ್ಳಿಗರಿಗೆ ಓದಿ ಹೇಳುತ್ತಿದ್ದರು ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಕಾನೂನು ತಮ್ಮ ಕಡೆಯೂ ಇರಬಹುದು ಎಂಬ ಸುದ್ದಿ ಆ ಹಳ್ಳಿಗಳಿಗೆ ಬಂದದ್ದು ಹಾಗೆ.

ಬಿಡುಗಡೆಯಾದ ಮೇಲೆ ಅವರು ಯುಕಟಾನ್ ಬಿಟ್ಟು ಮೊರೆಲೋಸ್ ರಾಜ್ಯಕ್ಕೆ ಹೋದರು. ಅದು ಮೆಕ್ಸಿಕೊದ ಕ್ರಾಂತಿಯ ಕಾಲ. ಅಲ್ಲಿ ರೈತ ನಾಯಕ ಎಮಿಲಿಯಾನೊ ಜಪಾಟಾ ಕಬ್ಬಿನ ತೋಟಗಳನ್ನು ಒಡೆದು ಹಳ್ಳಿಗಳಿಗೆ ಭೂಮಿ ಹಂಚುತ್ತಿದ್ದರು. ಫೆಲಿಪೆ ಭೂ ಆಯೋಗದ ಕೆಲಸಕ್ಕೆ ಸೇರಿಕೊಂಡರು. ಸರಪಳಿ ಹಿಡಿದು ನೆಲ ಅಳೆಯುವುದು ಹೇಗೆ, ಗಡಿಕಲ್ಲು ಎಲ್ಲಿ ನೆಡಬೇಕು, ಹಳೆಯ ಹಕ್ಕುಪತ್ರವನ್ನು ಹೇಗೆ ಓದಬೇಕು ಎಂಬುದೆಲ್ಲ ಅಲ್ಲಿನ ದಿನನಿತ್ಯದ ಕೆಲಸ. ಕ್ರಾಂತಿಯ ಭಾಷಣ ಎಲ್ಲರಿಗೂ ಬರುತ್ತದೆ. ಸರ್ವೇ ಕೆಲಸ ಬಲ್ಲ ಕ್ರಾಂತಿಕಾರಿಗಳು ಅಪರೂಪ.

1915ರ ಮಾರ್ಚ್‌ನಲ್ಲಿ ಜನರಲ್ ಸಾಲ್ವದೋರ್ ಆಲ್ವರಾದೊ ಸೈನ್ಯದೊಡನೆ ಮೆರಿಡಾಗೆ ನುಗ್ಗಿದರು. ಹೊರಗಿನವರು, ಉತ್ತರದವರು. ಅವರು ಸಾಲದ ಜೀತವನ್ನು ಮುರಿದರು, ನಾರಿನ ವ್ಯಾಪಾರವನ್ನು ಸರ್ಕಾರಿ ಮಂಡಳಿಯ ಕೈಗೆ ತಂದು ಶಿಕಾಗೋದವರ ಮುಂದೆ ಬೆಲೆ ಏರಿಸಿ ಕೂತರು. ಮೊದಲ ಮಹಾಯುದ್ಧದ ಕಾಲ, ಯುರೋಪಿಗೆ ಗೋಧಿ ಬೇಕು, ಗೋಧಿಗೆ ಹುರಿ ಬೇಕು. 1918ರಲ್ಲಿ ಪೌಂಡ್ ನಾರಿಗೆ ಸುಮಾರು 19 ಸೆಂಟ್ ಬಂತು. ಆ ಹಣದಲ್ಲಿ ಶಾಲೆಗಳಾದವು. 1916ರ ಜನವರಿಯಲ್ಲಿ ಮೆರಿಡಾದಲ್ಲಿ ಮಹಿಳೆಯರ ಮಹಾಸಮ್ಮೇಳನವೂ ನಡೆಯಿತು. ಊರಿಗೆ ಮರಳಿದ ಫೆಲಿಪೆ ಈ ಗಾಳಿಯಲ್ಲಿ ಪಕ್ಷ ಕಟ್ಟುವ ಕೆಲಸಕ್ಕೆ ಇಳಿದರು. 1917ರ ಹೊತ್ತಿಗೆ ಸಮಾಜವಾದಿ ಪಕ್ಷದ ಅಧ್ಯಕ್ಷಗಿರಿ ಅವರದಾಯಿತು.

ಪಕ್ಷದ ಜೀವ ಇದ್ದದ್ದು ಹಳ್ಳಿಯ ಘಟಕಗಳಲ್ಲಿ. ಅವುಗಳಿಗೆ ಪ್ರತಿರೋಧ ಲೀಗ್ ಎಂದು ಹೆಸರು. ಕೂಲಿ ಜಗಳಕ್ಕೆ ಸಂಘ, ಸಂಜೆಗೆ ಶಾಲೆ, ಸಾಮಾನಿಗೆ ಸಹಕಾರಿ ಅಂಗಡಿ, ಸೋಮವಾರ ರಾತ್ರಿ ಉಪನ್ಯಾಸ ಮತ್ತು ಸಂಗೀತ, ಎಲ್ಲವೂ ಒಂದೇ ಸೂರಿನಡಿ. ಮಕ್ಕಳಿಗೆ ಪಾದ್ರಿಯ ನೀರಿನ ಬದಲು ಕೆಂಪು ಹೂ ಸುರಿದು ನಾಮಕರಣ ಮಾಡುತ್ತಿದ್ದರು. ಹಳ್ಳಿ ಹಳ್ಳಿಗೆ ಬೇಸ್‌ಬಾಲ್ ತಂಡಗಳೂ ಹುಟ್ಟಿಕೊಂಡವು. ಯುಕಟಾನ್ ಇವತ್ತಿಗೂ ಫುಟ್ಬಾಲಿನ ಮೆಕ್ಸಿಕೊದ ನಡುವೆ ಬೇಸ್‌ಬಾಲ್ ಹುಚ್ಚಿನ ದ್ವೀಪ. 1918ರಲ್ಲಿ ಮೋತುಲ್‌ನಲ್ಲಿ, 1921ರಲ್ಲಿ ಇಸಮಾಲ್‌ನಲ್ಲಿ ಪಕ್ಷದ ಮಹಾಧಿವೇಶನಗಳು ನಡೆದವು. ನಡುವೆ ಒಂದು ಕೆಟ್ಟ ಕಾಲ ಬಂತು. ದೇಶದ ಅಧ್ಯಕ್ಷ ಕರಾನ್ಸಾ ಕಳಿಸಿದ ಸೈನಿಕರು ಲೀಗ್‌ಗಳ ಮನೆಗಳನ್ನು ಸುಟ್ಟರು, ಫೆಲಿಪೆ ರಾಜ್ಯ ಬಿಟ್ಟು ಓಡಬೇಕಾಯಿತು. 1920ರಲ್ಲಿ ಜನರಲ್ ಒಬ್ರೆಗೋನ್ ಕರಾನ್ಸಾ ವಿರುದ್ಧ ಎದ್ದಾಗ ಇವರು ಒಬ್ರೆಗೋನ್ ಕಡೆ ಸೇರಿ ಗೆದ್ದವರ ಜೊತೆ ಮರಳಿದರು. ಹಳ್ಳಿಯ ಮತ ಎಷ್ಟೇ ಇರಲಿ, ರಾಜಧಾನಿಯಲ್ಲಿ ಒಬ್ಬ ಜನರಲ್ಲನ ಬೆನ್ನಾಸರೆ ಇಲ್ಲದೆ ಲೀಗ್ ಒಂದು ದಿನವೂ ಉಳಿಯದು ಎನ್ನುವುದು ಆಗಲೇ ಸಾಬೀತಾಗಿತ್ತು.

1922ರ ಫೆಬ್ರವರಿ 1. ಮೆರಿಡಾದ ಗವರ್ನರ್ ಅರಮನೆ, ಕೆಳಗೆ ದೊಡ್ಡ ಚೌಕ, ಚೌಕದಲ್ಲಿ ಹಳ್ಳಿಗಳಿಂದ ಬಂದ ಬಿಳಿ ಬಟ್ಟೆಯ ಜನ. ನಲವತ್ತೇಳು ವರ್ಷದ, ಎತ್ತರದ, ಹಸಿರು ಕಣ್ಣಿನ ಹೊಸ ಗವರ್ನರ್ ಮೊಗಸಾಲೆಗೆ ಬಂದು ಬಾಯಿ ತೆರೆದರು. ಬಂದದ್ದು ಮಾಯಾ ಭಾಷೆ.

ನಾನು ಸ್ವಲ್ಪ ಇಲ್ಲಿ ನಿಲ್ಲುತ್ತೇನೆ. ಅದೇ ಜನ 1847ರಲ್ಲಿ ಬಿಳಿಯರ ವಿರುದ್ಧ ದಂಗೆ ಎದ್ದು, ಅರ್ಧ ಶತಮಾನ ಕಾಡಿನಲ್ಲಿ ತಮ್ಮದೇ ರಾಜ್ಯ ನಡೆಸಿದವರ ಬಳಗ. 1901ರಲ್ಲಿಯಷ್ಟೇ ಆ ಕಾಡಿನ ರಾಜಧಾನಿಯನ್ನು ಸೈನ್ಯ ಹಿಡಿದಿತ್ತು. ಆಳುವವರ ಭಾಷೆ ಸ್ಪ್ಯಾನಿಷ್, ಬೈಗುಳ ತಿನ್ನುವವರ ಭಾಷೆ ಮಾಯಾ ಎಂದು ಸುಮಾರು ನಾಲ್ಕು ಶತಮಾನ ರೂಢಿಯಾಗಿತ್ತು. ಕಚೇರಿಯ ಬಾಗಿಲಲ್ಲಿ ಟೋಪಿ ತೆಗೆದು, ತನ್ನದಲ್ಲದ ಭಾಷೆಯಲ್ಲಿ ತಡವರಿಸಿ ನಿಂತವನಿಗೆ ಆ ದಿನ ಮೊಗಸಾಲೆಯಿಂದ ತನ್ನ ಅಡುಗೆಮನೆಯ ಮಾತು ಕೇಳಿಸಿತು. ಜನ ಅವರನ್ನು ಸುಕುನ್ ಫೆಲಿಪೆ ಎಂದು ಕರೆದರು. ಮಾಯಾ ಭಾಷೆಯಲ್ಲಿ ಸುಕುನ್ ಎಂದರೆ ಒಡಹುಟ್ಟಿದ ಹಿರಿಯ. ಅಣ್ಣ. ಸ್ಪ್ಯಾನಿಷ್ ಮತ್ತು ಇಂಗ್ಲಿಷಿಗೆ ಈ ಪದವನ್ನು ತರುವವರು ಎರಡು ಪದ ಹೊಂದಿಸಿ ಒದ್ದಾಡುತ್ತಾರೆ. ನಮಗೆ ಆ ಕಷ್ಟವಿಲ್ಲ.

ಅಧಿಕಾರ ಹಿಡಿದ ಮೇಲೆ ಮಾಡಿದ ಕೆಲಸಗಳ ಪಟ್ಟಿ ಉದ್ದವಾಗಿದೆ. ಓದುತ್ತಾ ಹೋದರೆ ನೀವು ಆಕಳಿಸುತ್ತೀರಿ. ಆ ತಿಂಗಳೇ ಮೆರಿಡಾದಲ್ಲಿ ವಿಶ್ವವಿದ್ಯಾಲಯ ತೆರೆದರು. ನೂರಾರು ಶಾಲೆಗಳಾದವು. ಕುಡಿತಕ್ಕೆ ಕಡಿವಾಣ ಬಿತ್ತು. ಗುರುವಾರವನ್ನು ಭೂಮಿ ಹಂಚುವ ದಿನವೆಂದು ಗೊತ್ತುಮಾಡಿ, ಗವರ್ನರ್ ಖುದ್ದಾಗಿ ಹಳ್ಳಿಗಳಿಗೆ ಹೋಗಿ ಸಾಮೂಹಿಕ ಜಮೀನಿನ ಹಕ್ಕನ್ನು ಕೊಟ್ಟು ಬರುತ್ತಿದ್ದರು. ಎಷ್ಟು ಹೆಕ್ಟೇರ್ ಎಂಬ ಲೆಕ್ಕದಲ್ಲಿ ಬರೆದವರು ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಜಪಾಟಾರ ಮೊರೆಲೋಸ್ ಬಿಟ್ಟರೆ ಅಷ್ಟು ಬಿರುಸಾಗಿ ಆ ಕಾಲದಲ್ಲಿ ಭೂಮಿ ಹಂಚಿದ ರಾಜ್ಯ ಕಾಣುವುದು ಕಷ್ಟ.

ರಸ್ತೆಯೊಂದರ ವಿಷಯ ಹೇಳಲೇಬೇಕು. ದ್ಸಿತಾಸ್ ಎಂಬ ರೈಲು ನಿಲ್ದಾಣದಿಂದ ಚಿಚೆನ್ ಇಟ್ಸಾದ ಹಾಳು ನಗರಕ್ಕೆ 1923ರಲ್ಲಿ ರಸ್ತೆ ಮಾಡಿಸಿದರು. ಅಮೆರಿಕದ ಕಾರ್ನೆಗಿ ಸಂಸ್ಥೆಯ ಪುರಾತತ್ವಜ್ಞರು ಉತ್ಖನನಕ್ಕೆ ಬರುವವರಿದ್ದರು, ಅವರಿಗೆ ಅದು ಅನುಕೂಲವಾಯಿತು ನಿಜ. ಆದರೆ ಗವರ್ನರಿಗೆ ಮುಖ್ಯವಾದದ್ದು ಇನ್ನೊಂದು: ಮಾಯಾ ರೈತರು ಆ ರಸ್ತೆಯಲ್ಲಿ ಹೋಗಿ, ತಮ್ಮ ಹಿರಿಯರು ಏನು ಕಟ್ಟಿದ್ದರು ಎಂದು ಕಣ್ಣಾರೆ ನೋಡಬೇಕು. ಹಂಪಿಗೆ ಶಾಲಾ ಪ್ರವಾಸ ಹೋದವರಿಗೆ ಆ ಆಸೆ ತಿಳಿಯುತ್ತದೆ.

ಮಹಿಳೆಯರ ವಿಷಯದಲ್ಲಿ ಅವರ ಸರ್ಕಾರ ತನ್ನ ಕಾಲದ ಎದುರಿಗೇ ನಡೆಯಿತು. ಈ ಕೆಲಸದ ಹಿಂದಿನ ಶಕ್ತಿ ಅವರ ತಂಗಿ ಎಲ್ವಿಯಾ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಶಿಕ್ಷಕಿ. 1919ರಲ್ಲಿ ಅವರು ಮಹಿಳೆಯರ ಲೀಗ್ ಕಟ್ಟಿ, ಯುಕಟಾನ್‌ನ ಹಳೆಯ ಶಿಕ್ಷಕಿ ಮತ್ತು ಕವಯಿತ್ರಿ ರೀತಾ ಸೆತೀನಾ ಅವರ ಹೆಸರಿಟ್ಟರು. ವಿರೋಧಿಗಳು, ಅಭಿಮಾನಿಗಳು ಇಬ್ಬರೂ ಎಲ್ವಿಯಾರನ್ನು ಕೆಂಪು ಸನ್ಯಾಸಿನಿ ಎಂದರು. 1922ರಲ್ಲಿ ರೋಸಾ ತೋರ್ರೆ ಮೆರಿಡಾ ನಗರಸಭೆಗೆ ಆರಿಸಿಬಂದರು. ಮರುವರ್ಷ ಎಲ್ವಿಯಾ, ಬೆಯಾತ್ರಿಸ್ ಪೆನಿಚೆ, ರಾಕೆಲ್ ದ್ಸಿಬ್ ಎಂಬ ಮೂವರು ರಾಜ್ಯದ ಶಾಸನಸಭೆಗೆ ಆರಿಸಿಬಂದರು. ಮೆಕ್ಸಿಕೊ ದೇಶದ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು ಅದಾಗಿ ಮೂವತ್ತು ವರ್ಷಕ್ಕೆ. ಸಂತಾನ ನಿಯಂತ್ರಣದ ಕಿರುಹೊತ್ತಗೆಯನ್ನು ಹಂಚಿದಾಗ ಮೆರಿಡಾದ ಚರ್ಚು ಮತ್ತು ಸಭ್ಯ ಕುಟುಂಬಗಳು ಕೆರಳಿ ಕೆಂಡವಾದವು. 1923ರ ವಿಚ್ಛೇದನ ಕಾನೂನಂತೂ ಗಂಡ ಹೆಂಡಿರಲ್ಲಿ ಒಬ್ಬರು ಕೇಳಿದರೂ ಸಾಕು ಎಂದಿತು. ಅಮೆರಿಕದ ಜನ ಮದುವೆ ಮುರಿದುಕೊಳ್ಳಲು ಹಡಗು ಹತ್ತಿ ಮೆರಿಡಾಗೆ ಬರತೊಡಗಿದರು.

ಆ ಕಾನೂನಿನ ಫಲಾನುಭವಿಗಳಲ್ಲಿ ಗವರ್ನರ್ ಕೂಡ ಒಬ್ಬರು. 1923ರ ಫೆಬ್ರವರಿಯಲ್ಲಿ ಪುರಾತತ್ವಜ್ಞರ ತಂಡದ ಜೊತೆ ಆಲ್ಮಾ ರೀಡ್ ಎಂಬ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಕರ್ತೆ ಬಂದರು, ಇಬ್ಬರಿಗೂ ಪ್ರೀತಿ ಹುಟ್ಟಿತು, ಅವರಿಗಾಗಿ ಗವರ್ನರ್ ಹಾಡೊಂದನ್ನು ಬರೆಸಿ ರಾಗ ಹಾಕಿಸಿದರು, ಆ ಹಾಡು ಇಂದಿಗೂ ಮೆರಿಡಾದ ಬೀದಿ ಗಾಯಕರ ಬಾಯಲ್ಲಿದೆ. ಈ ಪ್ರೇಮಕತೆ ಫೆಲಿಪೆಯ ಭೂಮಿ ಹಂಚಿಕೆಗಿಂತ ಹೆಚ್ಚು ಪ್ರಸಿದ್ಧವಾಗಿದೆ, ಅದು ನನಗೆ ಸ್ವಲ್ಪ ಅಸಮಾಧಾನದ ವಿಷಯ. ಇಪ್ಪತ್ತೈದು ವರ್ಷ ಸಂಸಾರ ಮಾಡಿ ಮಕ್ಕಳನ್ನು ಬೆಳೆಸಿದ ಹೆಂಡತಿಯ ಬಗ್ಗೆ ಯಾರೂ ಹಾಡು ಬರೆಸಲಿಲ್ಲ. ಮುಂದೆ ಹೋಗೋಣ.

ಈಗ ನಾರಿನ ಬೆಲೆಗೆ ಬರುತ್ತೇನೆ. ಯುದ್ಧ ಮುಗಿದ ಕೂಡಲೇ ಬೆಲೆ ಕುಸಿಯಿತು. ಗೋದಾಮುಗಳಲ್ಲಿ ಮಾರಾಟವಾಗದ ನಾರು ಗುಡ್ಡೆ ಬಿದ್ದಿತ್ತು. ಆಲ್ವರಾದೊ ಕೈಗೆ ಸಿಕ್ಕಿದ್ದು ಹೊಳೆ ತುಂಬಿ ಹರಿಯುವ ಕಾಲ. ಫೆಲಿಪೆ ಕೈಗೆ ಸಿಕ್ಕಿದ್ದು ಬತ್ತಿದ ಹೊಳೆ. ಶಾಲೆ ಮೇಷ್ಟರ ಸಂಬಳವೂ ರಸ್ತೆಯ ಜಲ್ಲಿಯೂ ಅದೇ ನಾರಿನ ತೆರಿಗೆಯಿಂದ ಬರಬೇಕು. ಹಾಗಾಗಿ ಅವರು ಹಂಚಿದ ಭೂಮಿಯಲ್ಲಿ ಬಹುಪಾಲು ಮೆಕ್ಕೆಜೋಳ ಬೆಳೆಯುವ ನೆಲ, ಕಾಡಿನಂಚು, ತೋಟದ ಹೊರಗಿನ ಭಾಗ. ಹೆನೆಕೆನ್ ಸಾಲುಗಳನ್ನು, ನಾರು ತೆಗೆಯುವ ಯಂತ್ರಗಳನ್ನು ಮುಟ್ಟಲಿಲ್ಲ. ಮುಟ್ಟಿದರೆ ಬೊಕ್ಕಸ ನಿಲ್ಲುತ್ತದೆ, ಮುಟ್ಟದಿದ್ದರೆ ಒಡೆತನ ಬದಲಾಗುವುದಿಲ್ಲ. ಎರಡು ವರ್ಷ ಈ ಇಕ್ಕಟ್ಟಿನಲ್ಲಿ ಕಳೆದು, 1923ರ ಕೊನೆಗೆ ಅವರು ಒಂದು ಹೆಜ್ಜೆ ಮುಂದಿಟ್ಟರು: ಮಾಲೀಕರು ಪಾಳು ಬಿಟ್ಟ ತೋಟಗಳನ್ನು ಸರ್ಕಾರ ವಶಪಡಿಸಿಕೊಂಡು ಕೆಲಸಗಾರರಿಗೆ ಒಪ್ಪಿಸಬಹುದು ಎಂಬ ಕಾನೂನು. ಅದರ ಶಾಯಿ ಒಣಗುವ ಮೊದಲೇ ಅವರ ಸರ್ಕಾರ ಉರುಳಿತು.

ಇನ್ನೊಂದು ದೌರ್ಬಲ್ಯವನ್ನು ಅಭಿಮಾನಿಗಳು ಮುಚ್ಚಿಡುತ್ತಾರೆ, ನಾನು ಮುಚ್ಚಿಡುವುದಿಲ್ಲ. ಕೆಂಪು ಚೀಟಿ ಹಿಡಿದ ಲೀಗ್ ಸದಸ್ಯರು ಕಾಗದದ ಮೇಲೆ ಹತ್ತಾರು ಸಾವಿರ. ಆದರೆ ಎಷ್ಟೋ ಹಳ್ಳಿಗಳಲ್ಲಿ ಲೀಗ್ ಎಂದರೆ ಆ ಊರಿನ ಒಬ್ಬ ಪಾಳೆಯಗಾರ. ಹೋರಾಟಕ್ಕೆ ಮುನ್ನವೂ ಊರು ಅವನ ಮುಷ್ಟಿಯಲ್ಲಿತ್ತು, ಈಗ ಅವನ ಅಂಗಿಯ ಬಣ್ಣ ಬದಲಾಯಿತು ಅಷ್ಟೆ. ಅವನು ಊರಿನವರನ್ನೆಲ್ಲ ಸಾಲಾಗಿ ಸದಸ್ಯರನ್ನಾಗಿ ಮಾಡಿಸುತ್ತಿದ್ದ. ಪ್ರತಿಯಾಗಿ ಗವರ್ನರ್ ಅವನಿಗೆ ಅಧಿಕಾರ, ಗುತ್ತಿಗೆ, ಮಾಫಿ ಕೊಡುತ್ತಿದ್ದರು. ಫೆಲಿಪೆಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಪಕ್ಷ ಬೇಗ ಬೆಳೆಯಬೇಕಾದರೆ ಹತ್ತಿರದ ದಾರಿ ಅದೇ ಆಗಿತ್ತು. ನಮ್ಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಈ ದಾರಿಯ ನಕ್ಷೆ ಬೇಕಾಗಿಲ್ಲ.

1923ರ ಡಿಸೆಂಬರ್‌ನಲ್ಲಿ ಅದೋಲ್ಫೊ ದೆ ಲಾ ವೆರ್ತಾ ಎಂಬ ನಾಯಕ ಅಧ್ಯಕ್ಷ ಒಬ್ರೆಗೋನ್ ವಿರುದ್ಧ ಬಂಡೆದ್ದರು. ಮುಂದಿನ ಅಧ್ಯಕ್ಷ ಯಾರು ಎಂಬುದು ಜಗಳ. ಯುಕಟಾನ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ದೇಶದ ಸೈನ್ಯ ಎರಡು ಹೋಳಾಯಿತು. ಡಿಸೆಂಬರ್ 12ರಂದು ಯುಕಟಾನ್ ಭಾಗದ ಸೈನ್ಯ ಕರ್ನಲ್ ರಿಕಾರ್ದೆಸ್ ಬ್ರೋಕಾ ಮುಂದಾಳುತನದಲ್ಲಿ ಬಂಡಾಯದ ಕಡೆ ವಾಲಿತು. ಗವರ್ನರ್ ಕೈಯಲ್ಲಿ ಜನರ ಭಾಷೆ ಇತ್ತು. ಹಣದ ಕೀಲಿ ಶಿಕಾಗೋದಲ್ಲಿ, ಬಂದೂಕಿನ ಕೀಲಿ ಮೆಕ್ಸಿಕೊ ನಗರದಲ್ಲಿ ಇತ್ತು. ಹಳ್ಳಿಗರಲ್ಲಿ ಇದ್ದದ್ದು ಮಚ್ಚು, ಅಲ್ಲೊಂದು ಇಲ್ಲೊಂದು ಬೇಟೆ ಕೋವಿ.

ಫೆಲಿಪೆ ಕೆಲವು ಸಂಗಾತಿಗಳೊಡನೆ ಮೆರಿಡಾ ಬಿಟ್ಟರು. ಹುಟ್ಟೂರು ಮೋತುಲ್ ದಾಟಿ, ಪೂರ್ವಕ್ಕೆ, ತಿಸಿಮಿನ್ ಕಡೆಯಿಂದ ಕರಾವಳಿಗೆ ಬಂದರು. ದೋಣಿ ಹಿಡಿದು ಕ್ಯೂಬಾಗೆ ಹೋಗುವ ಯೋಚನೆಯಿತ್ತು. ಡಿಸೆಂಬರ್ 21ರ ಹೊತ್ತಿಗೆ ಸಿಕ್ಕಿಬಿದ್ದರು. ಮೆರಿಡಾದ ಸೆರೆಮನೆಗೆ ತಂದು, ಹೊಸ ವರ್ಷದ ಎರಡನೆಯ ದಿನ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಜನ ಆರಿಸಿದ ಗವರ್ನರನ್ನು ವಿಚಾರಿಸಲು ಆ ನ್ಯಾಯಾಲಯಕ್ಕೆ ಯಾವ ಹಕ್ಕೂ ಇರಲಿಲ್ಲ. ಜಮೀನುದಾರರು ಹಣ ಒಟ್ಟು ಮಾಡಿ ಆ ತೀರ್ಪನ್ನು ಕೊಂಡುಕೊಂಡರು ಎಂಬ ಮಾತು ಆಗಲೇ ಹಬ್ಬಿತು, ಈಗಲೂ ಹೇಳುತ್ತಾರೆ. 1924ರ ಜನವರಿ 3ರ ನಸುಕಿನಲ್ಲಿ ಊರಿನ ಸ್ಮಶಾನದ ಗೋಡೆಗೆ ಹದಿಮೂರು ಜನರನ್ನು ನಿಲ್ಲಿಸಿ ಗುಂಡಿಟ್ಟರು. ಫೆಲಿಪೆ, ಅವರ ಮೂವರು ಸೋದರರಾದ ಎದೇಸಿಯೊ, ಬೆಂಹಮಿನ್, ವಿಲ್ಫ್ರಿದೊ, ಮೆರಿಡಾದ ಮೇಯರ್ ಬೆರ್ಸುನ್ಸಾ, ಇನ್ನುಳಿದ ಸಂಗಾತಿಗಳು. ಒಂದೇ ತಾಯಿಯ ನಾಲ್ವರು ಗಂಡುಮಕ್ಕಳು ಒಂದೇ ಬೆಳಗಿನಲ್ಲಿ. ನನ್ನ ಮಾಯಾ ಜನರ ಕೈಬಿಡಬೇಡಿ ಎಂಬುದು ಫೆಲಿಪೆಯ ಕೊನೆಯ ಮಾತು ಎಂದು ಪ್ರತೀತಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಲ್ಮಾ ರೀಡ್ ಆ ತಿಂಗಳ ಮದುವೆಗೆ ಬಟ್ಟೆ ಹೊಲಿಸುತ್ತಿದ್ದರು.

ನಾಲ್ಕು ತಿಂಗಳೊಳಗೆ ಬಂಡಾಯ ಸೋತಿತು. ಲೀಗ್‌ಗಳ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು, ಸತ್ತ ನಾಯಕನ ಚಿತ್ರವನ್ನು ಗೋಡೆಗೆ ಹಾಕಿ, ಅವರ ಕಾರ್ಯಕ್ರಮವನ್ನು ಕಪಾಟಿಗೆ ಹಾಕಿತು. ಹೆನೆಕೆನ್ ತೋಟಗಳನ್ನು ಒಡೆದು ಹಂಚಲು 1937ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಾಸರೊ ಕಾರ್ದೆನಾಸ್ ಬರಬೇಕಾಯಿತು. ಮಾಯಾ ದಂಗೆಕೋರರ ಹಳೆಯ ಕಾಡಿನ ರಾಜಧಾನಿಗೆ ಈಗ ಫೆಲಿಪೆ ಕಾರ್ರಿಯೊ ಪ್ವೆರ್ತೊ ಎಂದೇ ಹೆಸರು. ಮೋತುಲ್‌ನಲ್ಲಿ ಬೆಳಗಿನ ತಿಂಡಿಗೆ ಕರಿದ ರೊಟ್ಟಿ, ಹುರುಳಿಕಾಳಿನ ಹಾಗಿನ ಕಪ್ಪು ಕಾಳು, ಮೊಟ್ಟೆ ಸೇರಿಸಿ ಕೊಡುವ ಒಂದು ಪ್ರಸಿದ್ಧ ತಟ್ಟೆ ಇದೆ. ಅದನ್ನು ಮೊದಲು ಮಾಡಿದ್ದು ಗವರ್ನರ್ ಮತ್ತು ಅವರ ಅತಿಥಿಗಳಿಗೆ ಎನ್ನುತ್ತಾರೆ. ಆಲ್ಮಾ ರೀಡ್ 1966ರಲ್ಲಿ ಮೆಕ್ಸಿಕೊ ನಗರದಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಮೆರಿಡಾದ ಅದೇ ಸ್ಮಶಾನದಲ್ಲಿ, ಫೆಲಿಪೆಯ ಗೋರಿಗೆ ಹತ್ತಿರದಲ್ಲಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಎರಡನ್ನು ಇಲ್ಲಿ ಬರೆಯುತ್ತೇನೆ. ನಿವೃತ್ತ ಶಿಕ್ಷಕರೊಬ್ಬರು, "ಅಷ್ಟು ಸಾವಿರ ಜನ ಅಣ್ಣ ಎಂದು ಕರೆದರಲ್ಲ ಸ್ವಾಮಿ, ಡಿಸೆಂಬರ್‌ನಲ್ಲಿ ಅವರೆಲ್ಲ ಎಲ್ಲಿ ಹೋಗಿದ್ದರು?" ಎಂದು ಕೇಳಿದರು. ಸುಲಭದ ಪ್ರಶ್ನೆಯಲ್ಲ. ಮಚ್ಚು ಹಿಡಿದವರನ್ನು ಮೆಷಿನ್ ಗನ್ನಿನ ಮುಂದೆ ನಿಲ್ಲಿಸಲು ಗವರ್ನರಿಗೆ ಮನಸ್ಸು ಬರಲಿಲ್ಲ ಎಂಬುದು ಅಭಿಮಾನಿಗಳ ಉತ್ತರ. ಊರ ಪಾಳೆಯಗಾರರು ಗಾಳಿ ಬೀಸಿದ ಕಡೆ ತಿರುಗಿದರು ಎಂಬುದು ಇತಿಹಾಸಕಾರರ ಉತ್ತರ. ಎರಡೂ ನಿಜವಿರಬೇಕು ಎಂದೆ. ಮೇಷ್ಟರು ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಡಿಗ್ರಿ ಓದುತ್ತಿರುವವಳಿರ‍ಬೇಕು, "ತಂಗಿ ಏನಾದರು ಸರ್?" ಎಂದಳು. ನಾನು ಆ ಭಾಗವನ್ನು ಟಿಪ್ಪಣಿಯಲ್ಲಿ ಬರೆದುಕೊಂಡು ಬಂದಿದ್ದೂ ಹೇಳದೆ ಬಿಟ್ಟಿದ್ದೆ. ಸೋದರರು ಸತ್ತ ಕೂಡಲೇ ಎಲ್ವಿಯಾ ಮತ್ತು ಉಳಿದಿಬ್ಬರು ಶಾಸಕಿಯರ ಸ್ಥಾನ ಹೋಯಿತು. ಎಲ್ವಿಯಾ ಯುಕಟಾನ್ ಬಿಟ್ಟರು. ಮಹಿಳೆಯರಿಗೆ ರಾಜಕೀಯ ಹಕ್ಕು ಕೊಟ್ಟಿದ್ದ ಸಾನ್ ಲೂಯಿಸ್ ಪೊತೊಸಿ ರಾಜ್ಯದಿಂದ ರಾಷ್ಟ್ರೀಯ ಸಂಸತ್ತಿಗೆ ನಿಂತು ಗೆದ್ದರು. ಕಾನೂನಿನ ಮಾತು ಗಂಡಸರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಹೇಳಿ ಸಂಸತ್ತು ಅವರನ್ನು ಒಳಗೆ ಬಿಡಲಿಲ್ಲ. ಆಮೇಲೂ ಅವರು ಅರ್ಜಿ ಬರೆಯುವುದನ್ನು, ಸಂಘ ಕಟ್ಟುವುದನ್ನು ನಿಲ್ಲಿಸಲಿಲ್ಲ. 1953ರಲ್ಲಿ ಇಡೀ ಮೆಕ್ಸಿಕೊದ ಮಹಿಳೆಯರಿಗೆ ಮತದ ಹಕ್ಕು ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಅದಾದ ಮೇಲೆ ಇನ್ನೂ ಹದಿನೈದು ವರ್ಷ ಬದುಕಿದ್ದರು.